ನೆಟ್ ನಿಲ್ಲದ ದಿನ

ನಮ್ಮ ತಂತಿ ಕಡಿಯುತ್ತಿದ್ದವನು ಯಾರೆಂದು ನಮಗೆ ಮೊದಲ ದಿನವೇ ಗೊತ್ತಿತ್ತು. ನನ್ನ ಗಂಡನ ದೊಡ್ಡಪ್ಪನ ಮಗ, ವಾವೆಯಲ್ಲಿ ನನಗೆ ಭಾವ. ಶಿಡ್ಲಘಟ್ಟದ ಸುತ್ತಮುತ್ತ ಒಂದು ಕಾಲದಲ್ಲಿ ಇಬ್ಬರೂ ಸೇರಿಯೇ ಕೇಬಲ್ ಟಿ.ವಿ. ನಡೆಸುತ್ತಿದ್ದರು. ಹೊಲ ಪಾಲಾದ ಹಾಗೆ ಆಮೇಲೆ ಕೇಬಲ್ಲೂ ಪಾಲಾಯಿತು. ಸಾದಲಿ ಕಡೆಯ ಹಳ್ಳಿಗಳು ನಮಗೆ ಬಂದವು, ಪಟ್ಟಣ ಅವನಿಗೆ ಹೋಯಿತು. ಟಿ.ವಿ. ಹೋಗಿ ಇಂಟರ್‌ನೆಟ್ ಬಂದಾಗ ಆ ಪಾಲಿನ ಗೆರೆ ಅಳಿಸಿಹೋಯಿತು. ಯಾರ ನೆಟ್ ನಿಲ್ಲುವುದಿಲ್ಲವೋ ಜನ ಅವರ ಕಡೆ ತಿರುಗಿದರು. ನಮ್ಮದನ್ನು ನಿಲ್ಲಿಸುವುದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಮಚ್ಚು.

ಮೊದಮೊದಲು ಕಂಬದ ಬುಡದಲ್ಲಿ ಒಂದೇ ಏಟು ಬೀಳುತ್ತಿತ್ತು. ಆಮೇಲೆ ಮಾರುದ್ದ ತುಂಡು ತೆಗೆದು ಒಯ್ಯತೊಡಗಿದರು, ಮತ್ತೆ ಜೋಡಿಸಲು ಬಾರದಂತೆ. ಒಂದು ಬೆಳಗ್ಗೆ ಆ ತುಂಡುಗಳನ್ನೆಲ್ಲ ಕೊತ್ತಂಬರಿ ಸೊಪ್ಪಿನ ಹಾಗೆ ಕೊಚ್ಚಿ ನಮ್ಮ ಕಂಟ್ರೋಲ್ ರೂಮಿನ ಬಾಗಿಲಿಗೆ ಸುರಿದಿದ್ದರು. ಕಂಟ್ರೋಲ್ ರೂಮೆಂದರೆ ದೊಡ್ಡದೇನಲ್ಲ, ಮನೆಯ ಮುಂದಿನ ಕೋಣೆ. ಹಿಂದೆ ಅತ್ತೆ ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನಾನು ಪೊರಕೆ ತಂದು ಆ ಚೂರುಗಳನ್ನು ಗುಡಿಸುವಾಗ ತಂತಿಯೊಳಗಿನ ಗಾಜಿನ ಎಳೆಗಳು ಅಂಗೈಗೆ ಚುಚ್ಚಿಕೊಂಡವು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಅವು. ಒಂದು ವಾರ ಅನ್ನ ಕಲಸುವಾಗೆಲ್ಲ ಚುಚ್ಚುತ್ತಿದ್ದವು, ಚುಚ್ಚಿದಾಗೆಲ್ಲ ಅವನ ವಂಶಕ್ಕೆ ಶಾಪ ಹಾಕುತ್ತಿದ್ದೆ.

ತಂತಿ ಹೋದ ಕೂಡಲೇ ನನ್ನ ಫೋನು ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಪರೀಕ್ಷೆ ಇರುವ ಮಗುವಿನ ತಾಯಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಹುಳು ಬಿಟ್ಟು ಮಾರುಕಟ್ಟೆಯ ರೇಟು ನೋಡಬೇಕಾದ ಯಜಮಾನ, ಧಾರಾವಾಹಿ ನಿಂತುಹೋದ ಅಜ್ಜಿ. ಎಲ್ಲರ ಬೈಗುಳವೂ ನನ್ನ ಕಿವಿಗೆ. ನನ್ನ ಗಂಡ ಏಣಿ ಹೊತ್ತು ಓಡುತ್ತಿದ್ದರು. ಕಡಿದವರಿಗೂ ಬೇಕಾದದ್ದು ಅದೇ ಆಗಿತ್ತು. ಎಲ್ಲಿ ಕಡಿದಿದ್ದಾರೋ ಅಲ್ಲಿಗೆ ಇವರು ಬಂದೇ ಬರುತ್ತಾರೆ, ಅದೂ ಆತುರದಲ್ಲಿ, ಒಬ್ಬರೇ.

ಪೆರೇಸಂದ್ರದಿಂದ ಸಾದಲಿಗೆ ಬರುವ ರಸ್ತೆಯಲ್ಲಿ ಒಂದು ಮಧ್ಯಾಹ್ನ ಇವರು ಕಂಬದ ಮೇಲಿದ್ದಾಗ ಹೆಲ್ಮೆಟ್ ಹಾಕಿದ ಇಬ್ಬರು ಬೈಕಿನಲ್ಲಿ ಬಂದು ಏಣಿಯನ್ನು ಒದ್ದರು. ಇವರು ಮೊಣಕೈಯಲ್ಲಿ ಕಂಬ ತಬ್ಬಿಕೊಂಡು ಸ್ವಲ್ಪ ಹೊತ್ತು ನೇತಾಡಿ, ಕೊನೆಗೆ ಕಲ್ಲಿನ ರಾಶಿಯ ಮೇಲೆ ಬಿದ್ದರು. ತುಟಿ ಹರಿಯಿತು, ಮುಂದಿನ ಹಲ್ಲು ಮುರಿಯಿತು. ಮುರಿದ ಹಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತಂತಿಯನ್ನೂ ಜೋಡಿಸಿ, ಆಮೇಲೆ ಮನೆಗೆ ಬಂದರು. ನಮ್ಮಲ್ಲಿ ಕೆಲಸಕ್ಕಿದ್ದ ಲೈನ್‌ಮನ್ ಅದನ್ನು ನೋಡಿ, "ನಂಗೂ ಹೆಂಡ್ರು ಮಕ್ಳು ಅವ್ರೆ ಅಕ್ಕ" ಎಂದು ಇಕ್ಕಳ ಇಟ್ಟು ಹೋದ. ಊರ ಹಿರಿಯರ ಹತ್ತಿರ ಹೋದರೆ, ದಾಯಾದಿಗಳ ಜಗಳ, ನೀವು ನೀವೇ ಕೂತು ಬಗೆಹರಿಸಿಕೊಳ್ಳಿ ಎಂದರು. ಹಲ್ಲು ಅವರದ್ದಾಗಿದ್ದರೆ ಹಾಗೆ ಹೇಳುತ್ತಿದ್ದರೇನೋ ಕಾಣೆ.

ಅವತ್ತು ತೀರ್ಮಾನ ಮಾಡಿದೆ. ನಾನು ಎರಡನೇ ರೌಟರ್ ಕೂರಿಸಿದ್ದು ನೆಟ್ಟಿಗಾಗಿ ಅಲ್ಲ, ನನ್ನ ಗಂಡನ ಮೈಗಾಗಿ. ತಂತಿ ಕಡಿದರೂ ನೆಟ್ ನಿಲ್ಲಬಾರದು. ನಿಲ್ಲದಿದ್ದರೆ ಯಾರೂ ಬೈಯುವುದಿಲ್ಲ, ಬೈಯದಿದ್ದರೆ ಇವರು ಓಡುವುದಿಲ್ಲ, ಓಡದಿದ್ದರೆ ಕಾದು ಕೂತವರ ಕೈಗೆ ಸಿಗುವುದಿಲ್ಲ. ಇಷ್ಟೇ ನನ್ನ ಲೆಕ್ಕಾಚಾರ. ನಾನು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನಲ್ಲಿ, ಅಲೀಪುರದ ಹತ್ತಿರ. ಚಿಕ್ಕಬಳ್ಳಾಪುರದಲ್ಲಿ ಡಿಪ್ಲೊಮಾ ಓದಿದವಳು. ಮದುವೆಯಾದ ಮೇಲೆ ಆ ಓದು ಅಟ್ಟದ ಮೇಲಿನ ಕೊಪ್ಪರಿಗೆಯ ಹಾಗೆ ಸುಮ್ಮನೆ ಕೂತಿತ್ತು. ಇಳಿಸಿ ತಿಕ್ಕಿದೆ.

ಈ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಪ್ರತಿ ಮನೆಯ ನೆಟ್ಟೂ ಹೊರಗೆ ಹೋಗಬೇಕಾದರೆ ಒಂದು ಬಾಗಿಲು ದಾಟಬೇಕು. ಆ ಬಾಗಿಲಿಗೆ ಗೇಟ್‌ವೇ ಎನ್ನುತ್ತೇವೆ, ಅಲ್ಲಿ ನಿಂತು ದಾರಿ ತೋರಿಸುವುದು ರೌಟರ್. ಸುಮ್ಮನೆ ಎರಡು ರೌಟರ್ ಇಟ್ಟರೆ ಆಗುವುದಿಲ್ಲ, ಯಾಕೆಂದರೆ ಮನೆಗಳಿಗೆ ಗೊತ್ತಿರುವುದು ಒಂದೇ ಬಾಗಿಲಿನ ವಿಳಾಸ. ಹಾಗಾಗಿ ಆ ವಿಳಾಸವನ್ನು ಎರಡಕ್ಕೂ ಸೇರದ ಹಾಗೆ ಮಾಡಿ, ಯಾವುದು ಬದುಕಿದೆಯೋ ಅದು ಹೊತ್ತುಕೊಳ್ಳಬೇಕು ಎಂದು ಕಲಿಸಬೇಕು. ಮೊದಲಿನ ದೊಡ್ಡ ರೌಟರ್ ಕ್ಷಣಕ್ಕೊಮ್ಮೆ ಎರಡನೆಯ ಚಿಕ್ಕದಕ್ಕೆ "ನಾನಿದ್ದೀನಿ" ಅನ್ನುತ್ತಿರುತ್ತದೆ. ಆ ಮಾತು ಕಿವಿಗೆ ಬೀಳುತ್ತಿರುವ ತನಕ ಚಿಕ್ಕದು ತೆಪ್ಪಗಿರುತ್ತದೆ. ಮಾತು ನಿಂತಿತೋ, ರೆಪ್ಪೆ ಬಡಿಯುವಷ್ಟರಲ್ಲಿ ವಿಳಾಸವನ್ನು ತಾನು ಎತ್ತಿಕೊಳ್ಳುತ್ತದೆ. ಮನೆಯಲ್ಲಿ ಕೂತವರಿಗೆ ಯಾವುದೂ ತಿಳಿಯುವುದಿಲ್ಲ.

ಮೊದಲ ಸಲ ಪರೀಕ್ಷೆ ಮಾಡಿದಾಗ ಮಾನ ಹೋಯಿತು. ಇವರು ದೊಡ್ಡ ಲೈನಿನ ಫೈಬರ್ ಕಿತ್ತರು, ಹಳ್ಳಿ ಹಳ್ಳಿಯೂ ನಿಂತುಹೋಯಿತು. ಚಿಕ್ಕದು ಏಳಲೇ ಇಲ್ಲ. ನೋಡಿದರೆ ದೊಡ್ಡದು ಇನ್ನೂ "ನಾನಿದ್ದೀನಿ, ನಾನಿದ್ದೀನಿ" ಅನ್ನುತ್ತ ಕೂತಿದೆ. ಅದಕ್ಕೆ ಕರೆಂಟ್ ಇದೆ, ದೀಪ ಉರಿಯುತ್ತಿದೆ, ಪ್ರಾಣ ಇದೆ. ಹೊರಗಿನ ತಂತಿ ಸತ್ತಿರುವುದು ಅದಕ್ಕೆ ಗೊತ್ತೇ ಇಲ್ಲ.

"ಕೈಲಾಗದಿದ್ರೂ ಯಜಮಾನಿಕೆ ಬಿಡಲ್ಲ ಅಂತದೆ. ನಿಮ್ಮ ದೊಡ್ಡಪ್ಪನ ಸಂತಾನವೇ ಸೈ" ಎಂದೆ.

ಇವರು ಮುರಿದ ಹಲ್ಲು ಕಾಣುವಂತೆ ನಕ್ಕರು. ಆಮೇಲೆ ನಾನು ಇನ್ನೊಂದು ಪಾಠ ಕಲಿಸಿದೆ. ದೊಡ್ಡದು ಆಗಾಗ ಹೊರಗೆ ಕೂಗಿ ನೋಡಬೇಕು, ಹೊರಗಿನಿಂದ ಉತ್ತರ ಬಾರದಿದ್ದರೆ ತಾನಾಗಿ ಕೆಳಗಿಳಿಯಬೇಕು. ಹಾಗೆ ಇಳಿದಾಗ ನಮ್ಮಿಬ್ಬರ ಫೋನಿಗೂ ಒಂದು ಸಂದೇಶ ಬರಬೇಕು, "ದೊಡ್ಡ ಲೈನ್ ಬಿತ್ತು" ಎಂದು. ಮತ್ತೆ ಎದ್ದಾಗ "ದೊಡ್ಡ ಲೈನ್ ಎದ್ದಿತು" ಎಂದು.

ಚಿಕ್ಕದಕ್ಕೆ ಬೇರೆ ದಾರಿಯ ತಂತಿ ಬೇಕಿತ್ತು. ದೊಡ್ಡದು ಚಿಕ್ಕಬಳ್ಳಾಪುರದಿಂದ ರಸ್ತೆಯ ಪಕ್ಕದ ಕಂಬಗಳ ಮೇಲೆ ಬರುತ್ತಿತ್ತು, ಕಂಡವರ ಮಚ್ಚಿಗೆ ಎಟುಕುವಂತೆ. ಎರಡನೆಯದನ್ನು ಚಿಂತಾಮಣಿ ಕಡೆಯಿಂದ ತಂದೆವು. ಕಂಬಕ್ಕೆ ಏರಿಸಲೇ ಇಲ್ಲ. ಇವರ ಸೋದರಮಾವನ ಹಿಪ್ಪುನೇರಳೆ ತೋಟದಲ್ಲಿ ಹನಿ ನೀರಾವರಿಯ ಹಳೆಯ ಪೈಪುಗಳು ಮಣ್ಣಿನಡಿ ಹಾಗೇ ಇದ್ದವು. ಅವುಗಳೊಳಗೆ ತೂರಿಸಿದೆವು. ಅವನ ತೋಟ, ಅವನ ಬೀಗರ ತೋಟ, ಅದರಾಚೆ ಪಕ್ಕದವರ ಬದು, ಹೀಗೆ ಗಿಡದ ಸಾಲಿನಿಂದ ಸಾಲಿಗೆ ತಂತಿ ನಮ್ಮ ಕೋಣೆಗೆ ಬಂತು. ಸೋದರಮಾವ ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟ. ಇವರ ಬಾಯಿಗೆ ಬಿದ್ದ ಏಟು ಅವನ ತೋಟಕ್ಕೂ ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ತಂತಿ ಕಡಿದರು, ನೆಟ್ ನಿಲ್ಲಲಿಲ್ಲ. ಸಂದೇಶ ಬಂದಾಗ ಇವರು ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಡದೆ, "ಕಡಿಯಲಿ ಬಿಡೇ, ಅವ್ರ ಮಚ್ಚು ಸವೀಲಿ" ಎಂದರು. ಸೋದರಮಾವನನ್ನೂ ಜೊತೆಗೆ ಕರೆದುಕೊಂಡು, ನಿಧಾನವಾಗಿ ಹೋಗಿ, ಜೋಡಿಸಿ ಬಂದರು. ಒಬ್ಬರೇ ಹೋಗಬಾರದು ಎನ್ನುವುದು ನನ್ನ ಕಟ್ಟಳೆ. ಪಟ್ಟಣದ ಮನೆಗಳೂ ಒಂದೊಂದಾಗಿ ನಮ್ಮ ಕಡೆ ಬಂದವು. ಭಾವನಿಗೆ ಇದು ಹೇಗೆ ಆಗುತ್ತಿದೆ ಎಂದು ತಿಳಿಯಲಿಲ್ಲ. ನಮ್ಮವರು ರಾತ್ರೋರಾತ್ರಿ ಜೋಡಿಸಿಬಿಡುತ್ತಾರೆ ಎಂದುಕೊಂಡಿದ್ದನಂತೆ. ಹಾಗೆಯೇ ಅಂದುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

ಅವನ ಮಗನ ಮದುವೆಯಾಯಿತು. ಶುಭಕ್ಕೂ ಸೂತಕಕ್ಕೂ ದಾಯಾದಿ ಇರಲೇಬೇಕು, ಹಲ್ಲು ಮುರಿದಿದ್ದರೂ ಸರಿ. ಬೀಗರೂಟಕ್ಕೆ ನಮ್ಮೂರಲ್ಲೇ, ಅವರ ಹಳೇ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹೆಣ್ಣಿನ ಕಡೆಯವರು ಗೌರಿಬಿದನೂರಿನ ಕಡೆಯ ಅನುಕೂಲಸ್ಥರು, ವ್ಯಾನುಗಳಲ್ಲಿ ಬಂದಿಳಿದರು. ಒಂದು ಕಡೆ ಕೊರಡಿನ ಮೇಲೆ ಮಾಂಸ ಕಡಿಯುತ್ತಿದ್ದರು. ಇನ್ನೊಂದು ಕಡೆ ಗಂಡಸರಿಗಾಗಿ ದೊಡ್ಡ ಪರದೆ ಕಟ್ಟಿ ಕ್ರಿಕೆಟ್ ಹಾಕಿದ್ದರು. ನೆಟ್ ಭಾವನದ್ದೇ. ಅದು ಓವರಿಗೊಮ್ಮೆ ಗಿರಕಿ ಹೊಡೆಯುತ್ತ ನಿಲ್ಲುತ್ತಿತ್ತು. ಬೀಗರಲ್ಲಿ ಯಾರೋ, "ಇದೇನು ಯಜಮಾನ್ರೇ, ಬ್ಯಾಟು ಎತ್ತಿದ್ದು ಕಂಡ್ತು, ಬಾಲು ಎತ್ಲಾಗ್ ಹೋಯ್ತು" ಎಂದರು. ನಮ್ಮವರು ಸುಮ್ಮನಿರಬಾರದೇ. ಎದ್ದು ಹೋಗಿ ನಮ್ಮ ಮನೆಯಿಂದ ಒಂದು ವೈರು ಎಳೆದು ತಂದು ಚುಚ್ಚಿದರು. ಆಟ ನೀರಿನ ಹಾಗೆ ಹರಿಯಿತು.

ಭಾವ ಎಲೆಗೆ ಉಪ್ಪು ಬಡಿಸುವವರ ಹಿಂದೆ ನಿಂತಿದ್ದ. "ಎಷ್ಟು ಹೊತ್ತು ಓಡ್ತದೋ ನೋಡಣ" ಎಂದ, ಎಲ್ಲರಿಗೂ ಕೇಳುವಂತೆ.

ನಮ್ಮವರ ಮುಖ ಕೆಂಪಾಯಿತು. ನಾನು ಸೀರೆಯ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ಕೊರಡಿನ ಹತ್ತಿರ ಹೋಗಿ, ಮಾಂಸ ಕಡಿಯುವವನ ಕೈಯಿಂದ ಮಚ್ಚು ತೆಗೆದುಕೊಂಡರು. ಅದರಲ್ಲಿ ಇನ್ನೂ ಕೊಬ್ಬು ಅಂಟಿತ್ತು. ಹಿಡಿಯನ್ನು ಮುಂದೆ ಮಾಡಿ ಭಾವನಿಗೆ ಕೊಟ್ಟರು.

"ಅಣ್ಣ, ಕದ್ದು ಕಡಿಯೋದ್ಯಾಕೆ? ತಂತಿ ಅಗೋ ಅಲ್ಲೇ ಅದೆ. ಎಲ್ಲರೆದುರ್ಗೆ ಕಡಿ" ಎಂದರು.

ಬೀಗರು ಊಟ ಬಿಟ್ಟು ನೋಡಿದರು. ಮಚ್ಚು ಹಿಡಿದರೆ ಇಷ್ಟು ದಿನ ಕಡಿದವನು ತಾನೇ ಎಂದು ಒಪ್ಪಿದಂತೆ, ಹಿಡಿಯದಿದ್ದರೆ ಹೆದರಿದಂತೆ. ಭಾವನಿಗೆ ಎರಡನೆಯದೇ ಹೆಚ್ಚಿನ ಅವಮಾನ ಅನ್ನಿಸಿರಬೇಕು. ಹಿಡಿದ. ಗೋಡೆಗೆ ಒರಗಿದ ಕಂಬದ ಮೇಲೆ ನಮ್ಮ ದೊಡ್ಡ ಲೈನಿನ ದಪ್ಪ ಕಪ್ಪು ತಂತಿ ಇಳಿದು ಬರುತ್ತಿತ್ತು. ಒಂದೇ ಏಟಿಗೆ ಕಡಿದ. ತಂತಿ ಹಾವಿನ ಹಾಗೆ ಎಗರಿ ಅವನ ಪಂಚೆಗೆ ಸುತ್ತಿಕೊಂಡಿತು. ಪರದೆಯ ಮೇಲೆ ಬೌಲರು ಓಡಿ ಬಂದ, ಬಾಲು ಹಾಕಿದ, ಬ್ಯಾಟಿಗೆ ಬಡಿಯಿತು, ನಾಲ್ಕು ರನ್ನು. ಚಿತ್ರ ಒಂದಿಷ್ಟೂ ಅಲುಗಲಿಲ್ಲ.

ಮೊದಲು ನಕ್ಕವಳು ಹೆಣ್ಣಿನ ಅಜ್ಜಿ. "ಏಮಿರಾ, ನೀ ಕತ್ತಿಕಿ ಪದುನು ಲೇದಾ?" ಎಂದು ತೆಲುಗಿನಲ್ಲೇ ಕೇಳಿದಳು, ಏನಪ್ಪಾ, ನಿನ್ನ ಕತ್ತಿಗೆ ಹರಿತವೇ ಇಲ್ವಾ ಎಂದು. ಶಾಮಿಯಾನವೆಲ್ಲ ನಕ್ಕಿತು. ಹೊಸ ಬೀಗರು ನಕ್ಕರು, ಅವನ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಅದಕ್ಕಾಗಿ ಯಾರ ಹತ್ತಿರವೂ ಕ್ಷಮೆ ಕೇಳುವುದಿಲ್ಲ. ನಗು ಯಾರ ಕೈಯನ್ನೂ ಕಡಿಯುವುದಿಲ್ಲ. ಆದರೆ ನಗುವಿನ ನಡುವೆ ಭಾವನ ಮುಖ ನೋಡಿದೆ. ಅವನು ಪರದೆಯನ್ನೂ ನೋಡುತ್ತಿರಲಿಲ್ಲ, ತಂತಿಯನ್ನೂ ನೋಡುತ್ತಿರಲಿಲ್ಲ. ನನ್ನ ಗಂಡನ ಕೈ ನೋಡುತ್ತಿದ್ದ. ಆ ಕೈ ಕಡಿದ ತುದಿಯನ್ನು ಎತ್ತಿಕೊಂಡು ಆಗಲೇ ಸಿಪ್ಪೆ ಸುಲಿಯುತ್ತಿತ್ತು.

ಇವರ ಕೈ ಬಗ್ಗೆ ಹೇಳಬೇಕು. ಫೈಬರ್ ಎಂದರೆ ತಲೆಗೂದಲಿನಷ್ಟು ಸಣ್ಣ ಗಾಜು. ಸುಲಿದು, ಒರೆಸಿ, ತುದಿ ನೇರ ಕತ್ತರಿಸಿ, ಎರಡು ತುದಿಗಳನ್ನು ಎದುರುಬದುರು ಇಟ್ಟು ಬೆಸೆಯಬೇಕು. ನಮ್ಮ ಅತ್ತೆ ಮದುವೆಗೆ ಮುಂಚೆ ತೌರಿನಲ್ಲಿ ನೂಲು ಬಿಚ್ಚುವ ಚರಕದ ಮುಂದೆ ಕೂತವರು. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆಯ ತುದಿ ಹುಡುಕುತ್ತಿದ್ದರು. ಆ ಬೆರಳೇ ಮಗನಿಗೆ ಬಂದಿತ್ತು. ಇವರು ಬೆಸೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ದೇವರು ಬಂದು ಕರೆದರೂ ಫೋನು ಎತ್ತುತ್ತಿರಲಿಲ್ಲ.

ಬೀಗರೂಟದ ಮುಂದಿನ ಬೆಳೆಯಲ್ಲಿ, ಹುಳು ಪೊರೆ ಕಳಚಿ ನಾಲ್ಕನೇ ಜ್ವರ ಎದ್ದ ಹೊತ್ತು. ಜ್ವರ ಎದ್ದ ಹುಳು ಹಗಲೂ ರಾತ್ರಿ ತಿನ್ನುತ್ತದೆ, ಸೊಪ್ಪು ಹಾಕಿ ಪೂರೈಸುವುದಿಲ್ಲ. ಅವತ್ತು ಮುದ್ದೆ ಮುಗಿಸುವಷ್ಟರಲ್ಲಿ ಸಂದೇಶ ಬಂತು, ದೊಡ್ಡ ಲೈನ್ ಬಿತ್ತು. ಇವರು ಸೋದರಮಾವನಿಗೆ ಫೋನು ಮಾಡಿದರು. ಅವನು ಹುಳುವಿಗೆ ಸೊಪ್ಪು ಹಾಕುತ್ತಿದ್ದ, ಬಿಟ್ಟು ಬರುವ ಹಾಗಿರಲಿಲ್ಲ.

"ಸಾಯಂಕಾಲ ಹೋಗಣ ಬಿಡಿ, ಚಿಕ್ಕದು ಓಡ್ತಾ ಇದೆಯಲ್ಲ" ಎಂದೆ.

"ಹಾಡಹಗಲು ಯಾರು ಏನು ಮಾಡ್ತಾರೆ? ಹಿಂಗ್ ಹೋಗಿ ಹಂಗ್ ಬರ್ತೀನಿ ಕಣೇ" ಎಂದು ಹೊರಟರು.

ನಾನು ಪಾತ್ರೆ ತೊಳೆದೆ. ಕಂಟ್ರೋಲ್ ರೂಮಿಗೆ ಬಂದು ನೋಡಿದೆ, ಚಿಕ್ಕದರ ಹಸಿರು ದೀಪ ಮಿಣುಕುತ್ತಿತ್ತು. ಊರೆಲ್ಲ ನೆಟ್ ಓಡುತ್ತಿತ್ತು. ಯಾರೂ ಫೋನು ಮಾಡಲಿಲ್ಲ. "ದೊಡ್ಡ ಲೈನ್ ಎದ್ದಿತು" ಎನ್ನುವ ಸಂದೇಶಕ್ಕಾಗಿ ಕಾದೆ. ಬರಲಿಲ್ಲ. ಇವರಿಗೆ ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಬೆಸೆಯುತ್ತಿರಬೇಕು ಎಂದುಕೊಂಡು ಅವರೆಕಾಳು ಬಿಡಿಸಲು ಕೂತೆ. ಇನ್ನೊಮ್ಮೆ ಮಾಡಿದೆ, ಚೆನ್ನಾಗಿ ರಿಂಗಾಯಿತು. ಫೋನಿಗೆ ಪ್ರಾಣ ಇತ್ತು. ಆ ಮಧ್ಯಾಹ್ನ ಮನೆ ಎಷ್ಟು ನೆಮ್ಮದಿಯಾಗಿತ್ತೆಂದರೆ ನಾನು ಗೋಡೆಗೆ ಒರಗಿ ತೂಕಡಿಸಿದೆ.

ಅಷ್ಟು ಹೊತ್ತಿಗೆ ಅಲ್ಲಿ ಆಗಿದ್ದದ್ದು ಇದು. ತಂತಿ ಕಡಿದದ್ದು ಒಂದು ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ಗಿಡ ಆಳೆತ್ತರ ಬೆಳೆದಿದ್ದ ಕಡೆ. ಇವರು ಬೈಕು ನಿಲ್ಲಿಸಿ ಬ್ಯಾಗು ಬಿಚ್ಚಿದ ಕೂಡಲೇ ಗಿಡಗಳ ನಡುವಿನಿಂದ ಹೆಲ್ಮೆಟ್ ಹಾಕಿದ ಇಬ್ಬರು ಬಂದು ಹಿಂದಿನಿಂದ ಹೊಡೆದು ಬೀಳಿಸಿದರು. ಭಾವ ಆಮೇಲೆ ಬಂದ. ಅವನು ಮುಖ ಮುಚ್ಚಿರಲಿಲ್ಲ.

"ಎರಡನೇ ಲೈನು ಎಲ್ಲದೆ ಹೇಳು" ಎಂದ.

ಇವರು ಹೇಳಲಿಲ್ಲ. ಹೇಳಿದ್ದರೆ ಸೋದರಮಾವನ ತೋಟ, ಅವನ ಬೀಗರ ತೋಟ, ಎಲ್ಲವನ್ನೂ ಬೇರುಸಹಿತ ಅಗೆಯುತ್ತಿದ್ದರು. ಪಕ್ಕೆಗೆ ಒದ್ದರು, ಬಾಯಿಗೆ ಒದ್ದರು. ಮತ್ತೆ ಕೇಳಿದ, ಮತ್ತೆ ಇವರು ಬಾಯಿ ಬಿಡಲಿಲ್ಲ. ನಾವು ಕೇಬಲ್ ಸುತ್ತಿಡುವ ಮರದ ಉರುಳೆಯೊಂದು ಬೈಕಿನ ಹಿಂದೆ ಕಟ್ಟಿತ್ತು. ಅದನ್ನು ಬಿಚ್ಚಿ ನೆಲಕ್ಕೆ ಮಲಗಿಸಿ, ಇವರ ಬಲಗೈಯನ್ನು ಕೊರಡಿನ ಮೇಲೆ ಮಾಂಸ ಇಟ್ಟ ಹಾಗೆ ಅದರ ಮೇಲೆ ಇಟ್ಟು, ಒಬ್ಬ ಮೊಣಕೈ ಮೇಲೆ ಕಾಲು ಊರಿ ನಿಂತ.

"ಎಲ್ಲರೆದುರ್ಗೆ ಕಡಿ ಅಂದ್ಯಲ್ಲ, ಕಡಿದೆ. ಏನೂ ಆಗ್ಲಿಲ್ಲ" ಎಂದನಂತೆ ಭಾವ. "ಇವಾಗ ನೋಡಣ, ಇದಕ್ಕೆ ಇನ್ನೊಂದು ಇಟ್ಟಿದೀಯ ಏನೋ."

ಮೊದಲು ಮಚ್ಚಿನ ಬೆನ್ನಿನಿಂದ ಬೆರಳುಗಳನ್ನು ಜಜ್ಜಿದ. ಆಮೇಲೆ ಅಲಗು ತಿರುಗಿಸಿ ಮಣಿಕಟ್ಟಿಗೆ ಹಾಕಿದ. ನರಗಳು ತುಂಡಾದವು, ಮೂಳೆ ಇವರ ಪುಣ್ಯಕ್ಕೆ ಅರ್ಧಕ್ಕೇ ತಡೆಯಿತು. ಅವರು ಹೋದ ಮೇಲೆ ಇವರು ತೆವಳಿ ರಸ್ತೆಗೆ ಬರಲು ನೋಡಿದರು, ಎರಡು ಸಾಲು ದಾಟಲೂ ಆಗಲಿಲ್ಲ. ಫೋನು ಬ್ಯಾಗಿನಲ್ಲಿ ರಿಂಗಾಗುತ್ತಿದ್ದದ್ದು ಕೇಳಿಸುತ್ತಿತ್ತಂತೆ. ಅದು ನಾನು ಎಂದು ಗೊತ್ತಿತ್ತಂತೆ. ಬಿಸಿಲು ಇಳಿಯುವ ಹೊತ್ತಿಗೆ ಸೊಪ್ಪು ಕೊಯ್ಯಲು ಬಂದ ಹೆಂಗಸೊಬ್ಬಳು ನೋಡಿದಳು. ತಲೆಯ ಮೇಲಿನ ಹೊರೆ ಎಸೆದು, ಸೀರೆಯ ಸೆರಗು ಹರಿದು ಮಣಿಕಟ್ಟಿಗೆ ಬಿಗಿದಳು. ಅವಳು ಇಲ್ಲದಿದ್ದರೆ ಇದನ್ನು ಬರೆಯುವ ನಾನು ಬೇರೆಯೇ ಹೆಂಗಸಾಗಿರುತ್ತಿದ್ದೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಾರನೇ ದಿನ ಇವರಿಗೆ ಸರಿಯಾಗಿ ಎಚ್ಚರವಾಯಿತು. ಊದಿದ ಬಾಯಿ, ಹೊಲಿಗೆ ಹಾಕಿದ ತುಟಿ. ನನ್ನನ್ನು ಕಂಡು ಮೊದಲು ಕೇಳಿದ್ದು, "ನೆಟ್ ನಿಂತಿತ್ತಾ?"

"ಇಲ್ಲ."

"ಒಂದ್ ಸಲಾನೂ?"

"ಇಲ್ಲ ರೀ. ಒಂದ್ ಸಲಾನೂ ನಿಲ್ಲಲಿಲ್ಲ."

ಆ ತುಟಿಯಲ್ಲೇ ನಕ್ಕರು. ಆ ನಗು ನೋಡಿ ನನಗೆ ಕೆನ್ನೆಗೆ ಬಾರಿಸಬೇಕೆನಿಸಿತು. ಯಾಕೆಂದು ಆಗ ನನಗೇ ಗೊತ್ತಾಗಲಿಲ್ಲ. ಹೊರಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡೆ.

ಭಾವನನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಅವನು ಮನೆಗೆ ಬಂದ ಎಂದು ಕೇಳಿದ ದಿನ ನಾನು ಅಡಿಗೆಮನೆಯಿಂದ ತೆಂಗಿನಕಾಯಿ ಕೆತ್ತುವ ಮಚ್ಚು ತೆಗೆದು ಚೀಲಕ್ಕೆ ಹಾಕಿಕೊಂಡು, ಶಿಡ್ಲಘಟ್ಟದ ಬಸ್ಸು ಹತ್ತಿದೆ. ಹಾಡಹಗಲು. ಯಾರ ಮೈ ಮೇಲೆ ಬೀಸಬೇಕೆಂದು ಹೋದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ, ಓದುವವರಿಗೆ ಗೊತ್ತಾಗುತ್ತದೆ. ಅವನ ಕಂಟ್ರೋಲ್ ರೂಮಿನ ಪಕ್ಕದ ಕಂಬದಲ್ಲಿ ತಂತಿಗಳೆಲ್ಲ ಒಂದೇ ಕಟ್ಟಾಗಿ, ನನ್ನ ಎದೆಯ ಎತ್ತರದಲ್ಲಿ ಇಳಿದಿದ್ದವು. ಅವು ಮೊದಲು ಕಣ್ಣಿಗೆ ಬಿದ್ದವು. ಬೀಸಿದೆ.

ಒಂದೇ ಏಟಿಗೆ ಹೋಗಲಿಲ್ಲ. ಒಳಗಿನ ಉಕ್ಕಿನ ಎಳೆಗೆ ಬಡಿದು ಮಚ್ಚು ಹಿಂದಕ್ಕೆ ಎಗರಿತು, ಭುಜದ ತನಕ ಝುಂ ಅಂದಿತು. ಮತ್ತೆ ಬೀಸಿದೆ, ಮತ್ತೆ ಬೀಸಿದೆ. ಪ್ರತಿ ಏಟಿಗೂ ಬಾಯಲ್ಲಿ ಏನು ಬಂತೋ ಅದನ್ನು ಬೈದೆ. ಕೊನೆಯ ಎಳೆ ಕಿತ್ತುಬಂದಾಗ ಭಾವ ಓಡಿ ಬಂದು ನನ್ನ ಜಡೆ ಹಿಡಿದು ತಲೆಯನ್ನು ಕಂಬಕ್ಕೆ ಅಪ್ಪಳಿಸಿದ. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಕಾಣದೆಯೇ ಮಚ್ಚು ಬೀಸಿದೆ. ಅದರ ಬೆನ್ನು ಅವನ ಮೊಣಕಾಲಿನ ಚಿಪ್ಪಿಗೆ ಬಡಿಯಿತು. ಅವನು ಕೂತ. ಕೂತವನು ನನ್ನ ಕಾಲು ಹಿಡಿದೆಳೆದು ಕೆಳಗೆ ಬೀಳಿಸಿ, ಕುತ್ತಿಗೆಯ ಮೇಲೆ ಮಂಡಿ ಇಟ್ಟ. ನನಗೆ ಉಸಿರು ನಿಂತಿತು.

ಆಗ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನಿಂತು, ಮತ್ತೆ ಹೊಡೆದುಕೊಂಡಿತು. ಒಳಗೆ ಅವನ ಹೆಂಡತಿಯ ಫೋನು ಹೊಡೆದುಕೊಂಡಿತು. ಅಷ್ಟರಲ್ಲಿ ಬೀದಿಯ ಕೊನೆಯಿಂದ ಒಬ್ಬ ಬೈಕಿನಲ್ಲಿ ಬಂದ, "ಏನಣ್ಣ, ನೆಟ್ ಹೋಯ್ತಲ್ಲ" ಎನ್ನುತ್ತ. ಅವನ ಹಿಂದೆ ಇನ್ನೊಬ್ಬ ಬಂದ. ಎದುರು ಮನೆಯಿಂದ ಹೆಂಗಸೊಬ್ಬಳು ಟಿ.ವಿ. ನಿಂತಿತೆಂದು ಕೇಳಲು ಹೊರಬಂದು, ನಮ್ಮನ್ನು ನೋಡಿ ಕಿರುಚಿದಳು. ಅವರೆಲ್ಲ ಸೇರಿ ಅವನನ್ನು ನನ್ನ ಮೇಲಿನಿಂದ ಎಳೆದು ತೆಗೆದರು. ನನ್ನನ್ನು ಉಳಿಸಲು ಬಂದವರಲ್ಲ ಅವರು, ನೆಟ್ ಯಾಕೆ ನಿಂತಿತು ಎಂದು ಕೇಳಲು ಬಂದವರು.

ಮಣ್ಣಿನಲ್ಲಿ ಬಿದ್ದು ಉಸಿರು ಎಳೆದುಕೊಳ್ಳುತ್ತಿದ್ದೆ. ಅವನ ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಅವನನ್ನು ಊರು ಹುಡುಕುತ್ತಿತ್ತು. ಆಗ ನನಗೆ ಗೊತ್ತಾಯಿತು, ಆಸ್ಪತ್ರೆಯಲ್ಲಿ ನನಗೆ ಯಾಕೆ ಸಿಟ್ಟು ಬಂತೆಂದು. ಅಳು ಬಂತು, ಅವನ ಮುಂದೆಯೇ ಅತ್ತೆ, ನಾಚಿಕೆಯಾಗಲಿಲ್ಲ.

ಪೊಲೀಸರು ನನ್ನ ಮೇಲೂ ಕೇಸು ಬರೆದುಕೊಂಡರು. ಬರೆದುಕೊಳ್ಳಲಿ. ಮನೆಗೆ ಬಂದವಳು ಹಣೆಯ ಬ್ಯಾಂಡೇಜು ಹಾಗೆಯೇ ಇರುವಂತೆ ಕಂಪ್ಯೂಟರ್ ಮುಂದೆ ಕೂತೆ. ಚಿಕ್ಕ ರೌಟರ್ ತಾನಾಗಿ ಏಳಬಾರದು, ನಾನು ಹೇಳಿದರೆ ಮಾತ್ರ ಏಳಬೇಕು ಎಂದು ಬದಲಾಯಿಸಿದೆ. ಅಷ್ಟು ದಿನ ಹೆಣಗಿ ಕಲಿಸಿದ್ದನ್ನು ಅಳಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಇವರು ಮನೆಗೆ ಬಂದರು. ಕೈ ಉಳಿಯಿತು, ಆದರೆ ಹೆಬ್ಬೆರಳೂ ತೋರುಬೆರಳೂ ಈಗ ಒಂದನ್ನೊಂದು ಮುಟ್ಟುವುದಿಲ್ಲ. ಮುದ್ದೆ ಮುರಿಯುತ್ತಾರೆ, ಎಳೆ ಹಿಡಿಯಲಾರರು. ಬೆಸೆಯುವುದನ್ನು ನನಗೆ ಕಲಿಸಿದರು. ಕಲಿಸುವಾಗ ಬೈಯುತ್ತಿದ್ದರು, ನಾನು ತಿರುಗಿ ಬೈಯುತ್ತಿದ್ದೆ. ನನ್ನ ಕೈ ಇವರ ಕೈಯಲ್ಲ. ಮೂರು ಸಲ ಹಾಳು ಮಾಡಿದರೆ ಒಂದು ಸಲ ಸರಿಯಾಗುತ್ತದೆ. ಈಗ ತಂತಿ ಹೋದರೆ ಇಬ್ಬರೂ ಸ್ಕೂಟರಿನಲ್ಲಿ ಹೋಗುತ್ತೇವೆ.

ಹಾಗೆ ಹೋದ ಮೊದಲ ಸಲ, ಹುಲ್ಲಿನ ಟ್ರಾಕ್ಟರು ತಗುಲಿ ತಂತಿ ಹರಿದಿತ್ತು. ಚಿಕ್ಕದನ್ನು ನಾನು ಬದಲಾಯಿಸಿದ್ದು ಇವರಿಗೆ ಆಗಿನ್ನೂ ಗೊತ್ತಿರಲಿಲ್ಲ. ಹಿಂದೆ ಕೂತು ನನ್ನ ಚೀಲದಲ್ಲಿ ಫೋನು ಬಡಿದುಕೊಳ್ಳುವುದನ್ನು ಕೇಳಿ ಗಾಬರಿಯಾದರು.

"ನೆಟ್ ನಿಂತದೆ ಕಣೇ. ಚಿಕ್ಕದು ಎದ್ದಿಲ್ಲ."

"ಎದ್ದಿಲ್ಲ. ನಾನೇ ಕಟ್ಟಿಹಾಕಿದೀನಿ."

"ಯಾಕೆ? ಅಷ್ಟು ಕಷ್ಟಪಟ್ಟು ಕೂರಿಸ್ದೋಳು ನೀನೇ ಅಲ್ವಾ?"

"ಕಂಬದ ಹತ್ರ ಹೋಗಿ, ಸುತ್ತ ಯಾರೂ ಇಲ್ಲ ಅಂತ ನೋಡಿ, ಆಮೇಲೆ ಫೋನಿಂದ ಎಬ್ಬಿಸ್ತೀನಿ. ಅಲ್ಲೀತನಕ ನಿಂತಿರಲಿ."

"ಜನ ಬೈತಾರೆ ಕಣೇ. ಬಿಟ್ಟು ಹೋಗ್ತಾರೆ."

"ಹೋಗೋರು ಹೋಗ್ಲಿ. ಅವತ್ತು ನೀವು ತೋಟದಲ್ಲಿ ಬಿದ್ದಿದ್ದಾಗ ನನ್ನ ಫೋನು ಒಂದ್ ಸಲಾನೂ ಹೊಡ್ಕೊಳ್ಲಿಲ್ಲ ರೀ. ನಿಮ್ಮನ್ನ ಯಾರೂ ಹುಡುಕ್ಲಿಲ್ಲ. ನಾನು ತೂಕಡಿಸ್ತಾ ಇದ್ದೆ."

ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ಬೆಳೆದು ನಿಂತಿತ್ತು. ಆ ಜಾಗ ದಾಟುವಾಗ ಇವರ ಎಡಗೈ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದಿತ್ತು. ಫೋನು ಮತ್ತೆ ಹೊಡೆದುಕೊಂಡಿತು. ಇವರು ಎಡಗೈಯನ್ನು ಚೀಲಕ್ಕೆ ಹಾಕಿ, ಫೋನು ತೆಗೆದು ಕಿವಿಗೆ ಇಟ್ಟುಕೊಂಡರು. ಆ ಕಡೆಯಿಂದ ಒಬ್ಬ ಮುದುಕ, ಕೇಬಲ್ಲಿನವನು ಸತ್ತನೋ ಬದುಕಿದ್ದಾನೋ ಎಂದು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಇವರು ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡರು.

"ಇದೀನಿ ತಾತ" ಎಂದರು ಕೊನೆಗೆ. "ಇಲ್ಲೇ ಇದೀನಿ."